ನಿಮ್ಮ ಗಾಡಿಯ ಆಯಿಲ್ ಬದಲಾಯಿಸಿದ್ದು ಯಾವಾಗ?

ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಳಗಿನ ಹನ್ನೊಂದರ ಹೊತ್ತಿಗೆ ಒಮ್ಮೆ ನಿಂತು ನೋಡಿ. ಬೆನ್ನ ಮೇಲೆ ಸಕ್ಕರೆ ಮೂಟೆ ಹೊತ್ತ ಹಮಾಲರು, ಕೈಗಾಡಿಗಳು, ಅರ್ಧ ರಸ್ತೆಗೆ ಅಡ್ಡವಾಗಿ ನಿಂತು ಮಾಲು ಇಳಿಸುತ್ತಿರುವ ಟೆಂಪೊ, ಅದರ ಹಿಂದೆ ಹಾರ್ನ್ ಹೊಡೆಯುತ್ತಾ ಸಾಲುಗಟ್ಟಿದ ವಾಹನಗಳು. ಖಾನಾಪುರ, ನಂದಗಡ, ಜಾಂಬೋಟಿ ಕಡೆಯ ಕಿರಾಣಿ ಅಂಗಡಿಯವರು ಸಗಟು ಮಾಲು ಒಯ್ಯಲು ಇಲ್ಲಿಗೇ ಬರಬೇಕು. ಗಾಡಿ ಒಂದು ಮಾರು ಮುಂದೆ ಸಾಗಲು ಹತ್ತು ನಿಮಿಷ ಹಿಡಿಯುತ್ತದೆ. ಆದರೂ ಎಂಜಿನ್ ಆರಿಸುವವರು ಯಾರೂ ಇಲ್ಲ.

ಖಾನಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಮಾಮು ಕೂಡ ಹೀಗೆ ವಾರಕ್ಕೆ ಮೂರು ಸಲ ಇಲ್ಲಿಗೆ ಬಂದು ಹೋಗುತ್ತಿದ್ದರು. ಗಾಡಿ ಹಳೆಯ ಮಾರುತಿ ಓಮ್ನಿ. 2016ರ ರಮಝಾನ್ ತಿಂಗಳು, ಅಂದರೆ ಜೂನ್. ಮಳೆ ಆಗಷ್ಟೇ ಹಿಡಿದಿತ್ತು. ಅಂಗಡಿಯವರಿಗೆ ವರ್ಷದಲ್ಲೇ ಹೆಚ್ಚು ವ್ಯಾಪಾರವಾಗುವ ಕಾಲ ಅದು. ಅಕ್ಕಿ, ಶಾವಿಗೆ, ಖರ್ಜೂರ ತುಂಬಿಕೊಂಡು ಅವರು ಹೊರಟಾಗ ಅಸರ್ ಆಗಿತ್ತು. ಪೀರನವಾಡಿ, ಮಚ್ಛೆ ದಾಟಿ ದೇಸೂರು ಬಿಟ್ಟ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಕ್ಯಾನಿನ ಚಿತ್ರವಿರುವ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ತಿರುವಿನಲ್ಲಿ ಮತ್ತೊಮ್ಮೆ ಮಿನುಗಿತು. ‘ಇಫ್ತಾರ್‌ಗೆ ಮನೆ ಸೇರಬೇಕು, ನಾಳೆ ತೋರಿಸಿದರಾಯಿತು’ ಎಂದು ಅವರು ಹೊರಟೇಬಿಟ್ಟರು. ಗಣೇಬೈಲ್ ಹತ್ತಿರ ಬರುವಷ್ಟರಲ್ಲಿ ಟಕ ಟಕ ಸದ್ದು ಶುರುವಾಯಿತು, ಒಂದು ಜಗ್ಗು ಜಗ್ಗಿದಂತಾಗಿ ಗಾಡಿ ನಿಂತಿತು. ಆ ಮೇಲೆ ಅದು ಅಲುಗಾಡಲಿಲ್ಲ. ಅಂದು ಅವರು ಉಪವಾಸ ಬಿಟ್ಟದ್ದು ರಸ್ತೆ ಬದಿಯಲ್ಲಿ, ಮಾರಲು ತಂದಿದ್ದ ಖರ್ಜೂರದಿಂದಲೇ.

ಮಾಮು ಅಸಡ್ಡೆಯ ಮನುಷ್ಯ ಅಲ್ಲ. ಆಯಿಲ್ ಬದಲಾಯಿಸಿದ ದಿನ ಗ್ಯಾರೇಜಿನವರು ಬಾಗಿಲಿಗೆ ಅಂಟಿಸಿದ್ದ ಚೀಟಿ ಹಾಗೆಯೇ ಇತ್ತು. ಮುಂದಿನ ಬದಲಾವಣೆ 10 ಸಾವಿರ ಕಿ.ಮೀ. ಆದ ಮೇಲೆ ಎಂದು ಅದರಲ್ಲಿ ಬರೆದಿತ್ತು. ಗಾಡಿ ಓಡಿದ್ದು ಮೂರೂವರೆ ಸಾವಿರ ಮಾತ್ರ. ಲೆಕ್ಕದ ಪ್ರಕಾರ ಇನ್ನೂ ಆರೂವರೆ ಸಾವಿರ ಬಾಕಿ. ಹಾಗಾದರೆ ತಪ್ಪಿದ್ದೆಲ್ಲಿ? ಮಿಸ್ತ್ರಿ ಕೆಳಗಿನ ನಟ್ಟು ಬಿಚ್ಚಿದಾಗ, ಸುಮಾರು ಮೂರು ಲೀಟರ್ ಇರಬೇಕಾದಲ್ಲಿ ಒಂದು ಲೀಟರ್ ಕೂಡ ಇಳಿಯಲಿಲ್ಲ. ಆತ ಕೈ ಒರೆಸಿಕೊಳ್ಳುತ್ತಾ ಕೇಳಿದ ಮಾತು ನಮ್ಮ ಮನೆಯಲ್ಲಿ ಇಂದಿಗೂ ನೆನಪಿದೆ: “ಚಾಚಾ, ಆಯಿಲ್ ಹಾಕ್ಸೀರಿ ಖರೆ. ಹಾಕ್ಸಿದ ಮ್ಯಾಲ ಒಮ್ಮಿಯರ ಕಡ್ಡಿ ತಗದ್ ನೋಡೀರೇನ್?”

ನೋಡಿರಲಿಲ್ಲ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ ನೋಡುವ ತಾಪತ್ರಯ ಯಾರಿಗೆ ಬೇಕು? ಹಿಂದಿನಿಂದ ನೀಲಿ ಹೊಗೆ ಬರುತ್ತಿದೆ ಎಂದು ಅವರ ಮಗಳು ಎರಡು ತಿಂಗಳ ಹಿಂದೆಯೇ ಹೇಳಿದ್ದಳಂತೆ. ಆಗ ಎಲ್ಲರೂ ನಕ್ಕುಬಿಟ್ಟಿದ್ದರು.

ಓದುಗರೇ, ‘ಆಯಿಲ್ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು?’ ಎಂದು ಎಲ್ಲರೂ ಕೇಳುತ್ತಾರೆ. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಅದು ಅರ್ಧ ಪ್ರಶ್ನೆ ಮಾತ್ರ. ಇದೆಲ್ಲಾ ಗಂಡಸರ ವಿಷಯ ಎಂದು ಸಹೋದರಿಯರು ಪುಟ ತಿರುಗಿಸುವುದೂ ಬೇಡ. ಈಗ ಮಕ್ಕಳನ್ನು ಶಾಲೆಗೆ ಬಿಡುವ ಸ್ಕೂಟರಿನ, ಕಾರಿನ ಸ್ಟಿಯರಿಂಗ್ ನಿಮ್ಮ ಕೈಯಲ್ಲೇ ಇರುತ್ತದೆ. ಮೇಲಾಗಿ ನೀಲಿ ಹೊಗೆಯನ್ನು ಮೊದಲು ಕಂಡದ್ದು ನಮ್ಮ ಮನೆಯಲ್ಲಿ ಒಬ್ಬ ಹುಡುಗಿಯೇ.

ಎಣ್ಣೆ ಅಲ್ಲಿ ಮಾಡುವುದೇನು?

ನಮ್ಮ ಅಜ್ಜಂದಿರ ಕಾಲದಲ್ಲಿ ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಸುಟ್ಟ ಹುಲ್ಲಿನ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಒಂದು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಗೇ ಕಟ್ಟಿಕೊಂಡು ಹೋಗುತ್ತಿದ್ದರು. ಎರಡು ಗಟ್ಟಿ ವಸ್ತುಗಳು ಒಂದಕ್ಕೊಂದು ತಿಕ್ಕದಂತೆ ನಡುವೆ ತೆಳುವಾದ ಪದರ ನಿಲ್ಲಿಸುವುದು ಅದರ ಕೆಲಸ. ಮೋಟಾರು ಗಾಡಿಗಳ ಮೊದಲ ದಿನಗಳಲ್ಲೂ ಇದೇ ಔಡಲೆಣ್ಣೆ ಬಳಕೆಯಲ್ಲಿತ್ತು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಔಡಲೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಆಯಿಲ್‌ನಿಂದ.

ಕಾರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ ಶಾಫ್ಟ್ ಮತ್ತು ಅದರ ಬೇರಿಂಗ್ ನಡುವಿನ ಅಂತರ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಸಂದಿನಲ್ಲಿ ಪಂಪು ಒತ್ತಡದಿಂದ ಕಳಿಸುವ ಎಣ್ಣೆಯ ಮೇಲೆ ಶಾಫ್ಟ್ ತೇಲುತ್ತಾ ತಿರುಗುತ್ತದೆ. ಒತ್ತಡ ತಪ್ಪಿದರೆ ಲೋಹಕ್ಕೆ ಲೋಹ ತಾಗುತ್ತದೆ, ಕ್ಷಣದಲ್ಲಿ ಬಿಸಿಯಾಗಿ ಅಂಟಿಕೊಳ್ಳುತ್ತದೆ. ಮಾಮುವಿನ ಗಾಡಿಯಲ್ಲಿ ಆದದ್ದು ಇದೇ. ಕೆಂಪು ದೀಪ ಹೇಳುವುದು ‘ಆಯಿಲ್ ಬದಲಾಯಿಸುವ ದಿನ ಬಂತು’ ಎಂದಲ್ಲ, ‘ಒತ್ತಡ ಹೋಯಿತು’ ಎಂದು. ಅದು ಉರಿದರೆ ಗಾಡಿಯನ್ನು ಬದಿಗೆ ಹಾಕಿ ಕೂಡಲೇ ಎಂಜಿನ್ ಆರಿಸಬೇಕು. ಮುಂದಿನ ಊರಿನ ತನಕ, ಪೆಟ್ರೋಲ್ ಬಂಕಿನ ತನಕ ಎಂಬ ಮಾತೇ ಇಲ್ಲ.

ತಿಕ್ಕಾಟ ತಪ್ಪಿಸುವುದಷ್ಟೇ ಅಲ್ಲ, ಪಿಸ್ಟನ್‌ನ ಬಿಸಿಯನ್ನು ಹೊತ್ತು ತರುವುದು, ಮಸಿಯನ್ನು ತೊಳೆದು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು, ಆಮ್ಲ ಹುಟ್ಟಿದರೆ ಅದನ್ನು ತಟಸ್ಥಗೊಳಿಸುವುದು, ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಕೂಡ ಆಯಿಲಿನದೇ ಕೆಲಸ. ಇವನ್ನೆಲ್ಲ ಮಾಡಿಸಲು ಅದರಲ್ಲಿ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ‘ಆಯಿಲ್ ಕೆಟ್ಟಿತು’ ಎಂದರೆ ಹೆಚ್ಚಾಗಿ ಈ ರಾಸಾಯನಿಕಗಳು ದುಡಿದು ಮುಗಿದವು ಎಂದರ್ಥ.

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಸಮೋಸ ಕರಿದ ಎಣ್ಣೆ ಕಪ್ಪಾದರೆ ಚೆಲ್ಲುತ್ತೇವೆ, ಹಾಗೆಯೇ ಎಂಜಿನ್ ಆಯಿಲ್ ಕಪ್ಪಾದರೆ ಕೆಟ್ಟಿತು ಎಂದುಕೊಳ್ಳುತ್ತಾರೆ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಅದು ಮಸಿಯನ್ನು ತೊಳೆಯುತ್ತಿದೆ ಎಂಬುದರ ಗುರುತು ಅದು. ನೆಲ ಒರೆಸಿದ ಬಟ್ಟೆ ಕೊಳೆಯಾಗದಿದ್ದರೆ ನೆಲ ಒರೆಸಿಲ್ಲ ಎಂದೇ ಅಲ್ಲವೇ? ಬಣ್ಣ ನೋಡಿ, ಎರಡು ಬೆರಳ ನಡುವೆ ಉಜ್ಜಿ ‘ಆಯಿಲ್ ಹೋಗಿದೆ’ ಎಂದು ತೀರ್ಪು ಕೊಡುವವರನ್ನು ನಂಬಬೇಡಿ. ಬಣ್ಣ ನೋಡಿ ಹೆದರಬೇಕಾದದ್ದು ಒಂದೇ ಸಂದರ್ಭದಲ್ಲಿ. ಕಡ್ಡಿಯ ಮೇಲಿನ ಎಣ್ಣೆ ಹಾಲು ಬೆರೆತ ಚಹಾದಂತೆ ಕಂಡರೆ ಅದಕ್ಕೆ ನೀರು ಸೇರಿದೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಖಾನಾಪುರಗಳಲ್ಲಿ ನೆರೆ ಬಂದಾಗ ಎಷ್ಟೋ ಗಾಡಿಗಳು ಮುಳುಗಿದ್ದವು. ನೀರಲ್ಲಿ ನಿಂತ ಗಾಡಿಯನ್ನು ‘ಸ್ಟಾರ್ಟ್ ಆಗುತ್ತದೋ ನೋಡೋಣ’ ಎಂದು ಕೀಲಿ ತಿರುಗಿಸಿದರೆ, ಉಳಿಯಬಹುದಾಗಿದ್ದ ಎಂಜಿನ್ ಕೂಡ ಹೋಗುತ್ತದೆ.

5 ಸಾವಿರವೋ, 10 ಸಾವಿರವೋ?

ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ಹಿರಿಯರು 3 ಸಾವಿರ ಎನ್ನುತ್ತಾರೆ. ಸೌದಿ, ದುಬೈಗಳಲ್ಲಿ ದುಡಿದು ಬಂದವರು 5 ಸಾವಿರ ಎನ್ನುತ್ತಾರೆ. ಶೋರೂಮಿನವರು 10 ಸಾವಿರ ಎನ್ನುತ್ತಾರೆ. ವಿಚಿತ್ರವೆಂದರೆ ಅವರವರ ಮಟ್ಟಿಗೆ ಎಲ್ಲರೂ ಹೇಳುವುದು ನಿಜವೇ.

ಹಿರಿಯರ ಕಾಲದ ಆಯಿಲ್ ಬೇರೆ, ಇಂಧನವೂ ಬೇರೆ. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲಿನಲ್ಲಿ ಶೇ. 1ರಷ್ಟು ಗಂಧಕ ಇರಬಹುದಿತ್ತು. ಅದು ಉರಿದು ಆಮ್ಲವಾಗಿ ಆಯಿಲಿಗೆ ಇಳಿಯುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ಇಂಧನದಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಅಂದರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿದಿದೆ. ಎಂಜಿನ್‌ಗಳ ನಯ ಹೆಚ್ಚಿದೆ, ಸಿಂಥೆಟಿಕ್ ಆಯಿಲ್ ಬಂದಿದೆ. ಆದ್ದರಿಂದ ಅವಧಿ ಉದ್ದವಾಯಿತು. ಅಮೆರಿಕದಲ್ಲೂ ದಶಕಗಳ ಕಾಲ 3 ಸಾವಿರ ಮೈಲಿಗೊಮ್ಮೆ, ಅಂದರೆ ಸುಮಾರು 4,800 ಕಿ.ಮೀ.ಗೊಮ್ಮೆ ಬದಲಾಯಿಸುವುದು ಶಾಸನದಂತೆ ಆಗಿಹೋಗಿತ್ತು. ಕೊನೆಗೆ ಕ್ಯಾಲಿಫೋರ್ನಿಯದಲ್ಲಿ ಸರಕಾರದವರೇ ‘ಅದನ್ನು ಬಿಡಿ, ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೆ ನೋಡಿ’ ಎಂದು ಪ್ರಚಾರ ಮಾಡಬೇಕಾಯಿತು. ಕೆಡದ ಎಣ್ಣೆಯನ್ನು ಚೆಲ್ಲುವುದು ಹಣವೂ ವ್ಯರ್ಥ, ನೆಲಜಲಕ್ಕೂ ಕೇಡು.

ಇನ್ನು ಗಲ್ಫಿನಿಂದ ಬಂದವರ 5 ಸಾವಿರ. ಅಲ್ಲಿನ ಸೆಕೆಗೆ, ಮರಳು ಧೂಳಿಗೆ ಅದು ಸರಿಯಾದ ಲೆಕ್ಕ.

ಶೋರೂಮಿನವರ 10 ಸಾವಿರ ಬರುವುದು ಕೈಪಿಡಿಯಿಂದ. ಇಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ‘10 ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದಿರುತ್ತದೆ. ಕೆಲವಕ್ಕೆ 15 ಸಾವಿರ ಕೂಡ ಇದೆ. ‘ಅಥವಾ ಒಂದು ವರ್ಷ’ ಎಂಬುದನ್ನು ಅರ್ಧ ಜನ ಓದುವುದಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಠಿಣ ಬಳಕೆ’ ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಅದನ್ನಂತೂ ಯಾರೂ ಓದುವುದಿಲ್ಲ. ಧೂಳಿನ ರಸ್ತೆ, ಗುಡ್ಡಗಾಡಿನ ಏರು, ಭಾರ ಹೇರಿ ಓಡಿಸುವುದು, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡುವುದು, ಪದೇ ಪದೇ ಚಿಕ್ಕ ದೂರದ ಓಡಾಟ ಇವಿದ್ದರೆ ಅವಧಿಯನ್ನು ಸುಮಾರು ಅರ್ಧಕ್ಕೆ ಇಳಿಸಿ ಎಂದು ಅಲ್ಲಿ ಹೇಳಿರುತ್ತಾರೆ. ಈಗ ರವಿವಾರ ಪೇಟೆಯನ್ನೂ ಚೋರ್ಲಾ ಘಾಟನ್ನೂ ಖಾನಾಪುರದ ಕೆಂಪು ಮಣ್ಣಿನ ಹಳ್ಳಿ ದಾರಿಗಳನ್ನೂ ನೆನಪಿಸಿಕೊಳ್ಳಿ. ನಾವು ‘ಸಾಮಾನ್ಯ ಬಳಕೆ’ ಎಂದುಕೊಂಡದ್ದು ಕೈಪಿಡಿಯ ಭಾಷೆಯಲ್ಲಿ ಕಠಿಣ ಬಳಕೆ.

ಶಾಲೆಗೆ ಮಾತ್ರ ಹೋಗುವ ಕಾರು

ನೀವು ನಂಬಲಿಕ್ಕಿಲ್ಲ, ದಿನವೂ ಖಾನಾಪುರಕ್ಕೆ ಹೋಗಿ ಬರುವ ಕಾರಿಗಿಂತ ಪೇಟೆಯೊಳಗೆ ಎರಡು ಕಿ.ಮೀ. ದೂರದ ಶಾಲೆಗೆ ಹೋಗಿ ಬರುವ ಕಾರಿನ ಆಯಿಲ್ ಬೇಗ ಕೆಡಬಹುದು. ಲೆಕ್ಕ ಹಾಕಿ ನೋಡೋಣ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿ.ಮೀ. ಈಗ ಅಗಲವಾದ ಚತುಷ್ಪಥ ರಸ್ತೆ. ಹೋಗಿ ಬಂದರೆ 52. ವಾರಕ್ಕೆ ಮೂರು ಸಲವಾದರೆ ವರ್ಷಕ್ಕೆ 8 ಸಾವಿರ ದಾಟುತ್ತದೆ. ಪ್ರತಿ ಸಲವೂ ಎಂಜಿನ್ ಚೆನ್ನಾಗಿ ಬಿಸಿಯಾಗುತ್ತದೆ, ಒಂದೇ ವೇಗದಲ್ಲಿ ಓಡುತ್ತದೆ. ಭಾರ ಹೇರದಿದ್ದರೆ ಇದು ಆಯಿಲಿಗೆ ಸುಖದ ಓಟ.

ಶಾಲೆಯ ಕಾರು ದಿನಕ್ಕೆರಡು ಸಲ ಹೋಗಿ ಬಂದರೆ ಎಂಟು ಕಿ.ಮೀ. ವರ್ಷಕ್ಕೆ ಎರಡು ಸಾವಿರವೂ ಆಗುವುದಿಲ್ಲ. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚು ಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಅದರಲ್ಲಿ ಹೆಚ್ಚಿನದು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ಬದಿಯಿಂದ ನುಸುಳಿ ಕೆಳಗೆ ಇಳಿಯುತ್ತದೆ, ಅದರ ಜೊತೆ ಉರಿಯದ ಪೆಟ್ರೋಲ್ ಕೂಡ. ಎಂಜಿನ್ ಚೆನ್ನಾಗಿ ಕಾದರೆ ಇವೆರಡೂ ಆವಿಯಾಗಿ ಹೋಗುತ್ತವೆ. ಐದು ನಿಮಿಷದಲ್ಲಿ ಆರಿಸಿದರೆ ಅಲ್ಲೇ ಉಳಿದು ಆಯಿಲನ್ನು ತೆಳ್ಳಗೆ ಮಾಡುತ್ತವೆ, ಕೆಸರಿನಂಥ ಗಷ್ಟು ಕಟ್ಟುತ್ತವೆ. ಡ್ಯಾಶ್‌ಬೋರ್ಡಿನ ಮುಳ್ಳು ಬಿಸಿ ತೋರಿಸಿತಲ್ಲ ಎನ್ನಬೇಡಿ. ಅದು ತೋರಿಸುವುದು ರೇಡಿಯೇಟರ್ ನೀರಿನ ಬಿಸಿ. ಆಯಿಲ್ ಕಾಯುವುದು ಅದಕ್ಕಿಂತ ತಡವಾಗಿ.

ಈಗ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ನಮ್ಮದೇ ಜಿಲ್ಲೆಯ ಕಬ್ಬಿನಿಂದ ಬಂದದ್ದೂ ಅದರಲ್ಲಿರಬಹುದು. ಎಥೆನಾಲ್ ನೀರನ್ನು ಹಿಡಿದಿಟ್ಟುಕೊಳ್ಳುವ ಗುಣದ್ದು. ಎಂಜಿನ್ ಕಾಯದ ಚಿಕ್ಕ ಓಡಾಟಕ್ಕೆ ಇದು ಇನ್ನೊಂದು ತೊಡಕು. ಇಂಥ ಗಾಡಿಯ ಒಡೆಯರು ಕಿ.ಮೀ. ಲೆಕ್ಕ ಬಿಟ್ಟು ತಿಂಗಳ ಲೆಕ್ಕ ಇಡಬೇಕು. ಆರು ತಿಂಗಳಿಗೊಮ್ಮೆ ಬದಲಾಯಿಸಿದರೆ ಉತ್ತಮ, ಒಂದು ವರ್ಷವನ್ನಂತೂ ದಾಟಬಾರದು. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ಬಂದರೆ ಇನ್ನೂ ಒಳ್ಳೆಯದು. ಮಕ್ಕಳಿಗೂ ಖುಷಿ.

ಮನೆಯವರು ವಿದೇಶದಲ್ಲಿದ್ದು ಕಾರು ಶೆಡ್ಡಿನಲ್ಲಿ ನಿಂತಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬ್ಯಾಟರಿ ಹೋಗಬಾರದೆಂದು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುತ್ತಾರೆ. ಇದರಿಂದ ಬ್ಯಾಟರಿಯೂ ತುಂಬುವುದಿಲ್ಲ, ಆಯಿಲಿಗೆ ನೀರೂ ಸೇರುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ಓಡಿಸಿ. ಇಲ್ಲವಾದರೆ ಬ್ಯಾಟರಿಯ ತಂತಿ ಕಳಚಿ ಹಾಗೆಯೇ ಬಿಡಿ.

ಇನ್ನು ಮಾಲಿನ ಗಾಡಿಗಳು. ಪೇಟೆಯ ದಟ್ಟಣೆಯಲ್ಲಿ ಮೀಟರ್ ತಿರುಗುವುದಿಲ್ಲ, ಆದರೆ ಎಂಜಿನ್ ತಿರುಗುತ್ತಲೇ ಇರುತ್ತದೆ. ನಿಂತಲ್ಲೇ ಒಂದು ಗಂಟೆ ಓಡಿದ ಎಂಜಿನ್ 40ರಿಂದ 50 ಕಿ.ಮೀ. ದುಡಿದಂತೆ ಎಂದು ಕೆಲವು ತಯಾರಕರು ಲೆಕ್ಕ ಹಾಕುತ್ತಾರೆ. ಮಾಮು ಪೇಟೆಯಲ್ಲಿ ಕಳೆಯುತ್ತಿದ್ದ ಒಂದೊಂದು ಗಂಟೆ ಖಾನಾಪುರಕ್ಕೆ ಇನ್ನೊಮ್ಮೆ ಹೋಗಿ ಬಂದಷ್ಟಾಯಿತು. ಚೀಟಿಯ ಮೇಲೆ ಅದು ಬರೆದಿರಲಿಲ್ಲ. ಇಂಥ ಬಳಕೆಗೆ ನಾನು ಹೇಳುವುದು 5 ಸಾವಿರವೇ.

ಬೈಕ್, ಸ್ಕೂಟರಿನವರು ಗಮನಿಸಿ: ನಿಮ್ಮ ಎಂಜಿನ್‌ನಲ್ಲಿ ಇರುವುದೇ ಒಂದು ಲೀಟರ್ ಆಸುಪಾಸು ಆಯಿಲ್. ಅಷ್ಟರಲ್ಲೇ ಎಲ್ಲ ಕೆಲಸ ಆಗಬೇಕು. ಗಾಡಿಯನ್ನು ಅನುಸರಿಸಿ 3 ಸಾವಿರದಿಂದ 6 ಸಾವಿರ ಕಿ.ಮೀ. ಎಂದು ಕೈಪಿಡಿಯಲ್ಲಿರುತ್ತದೆ. ಬೈಕಿನಲ್ಲಿ ಕ್ಲಚ್ ಕೂಡ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಉಳಿದಿದೆ ಎಂದು ಸುರಿಯಬೇಡಿ, ಕ್ಲಚ್ ಜಾರುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಇದ್ದವರಿಗೆ ಎಂಜಿನ್ ಆಯಿಲಿನ ಈ ಚಿಂತೆ ಇಲ್ಲ.

ಕಡ್ಡಿ ನೋಡುವ ಕ್ರಮ

ಹದಿನೈದು ದಿನಕ್ಕೊಮ್ಮೆ, ದೂರ ಪ್ರಯಾಣಕ್ಕೆ ಮೊದಲು ತಪ್ಪದೆ ಇದನ್ನು ಮಾಡಿ. ಗಾಡಿ ಸಮತಟ್ಟಾದ ನೆಲದಲ್ಲಿರಲಿ. ಎಂಜಿನ್ ಆರಿಸಿ ಹತ್ತು ನಿಮಿಷ ಆಗಿರಲಿ. ಕಡ್ಡಿ ಎಳೆದು ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಟ್ಟು, ಮತ್ತೆ ಎಳೆದು ನೋಡಿ. ಎಣ್ಣೆಯ ಗೆರೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗೆ ಇಳಿದಿದ್ದರೆ ಅದೇ ದರ್ಜೆಯ ಆಯಿಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಪ್ರತಿ ಸಲ ಅಳೆಯಿರಿ. ಇರಲಿ ಎಂದು ಮೇಲಿನ ಗುರುತು ದಾಟಿಸುವುದೂ ತಪ್ಪು. ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆಯ ಮೇಲೆ ಶಾಫ್ಟ್ ತೇಲುವುದಿಲ್ಲ.

ಯಾವ ದರ್ಜೆ ಎಂಬುದನ್ನು ಕೈಪಿಡಿಯಲ್ಲೇ ನೋಡಿ. ‘5ಡಬ್ಲ್ಯೂ-30’ ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಅದು ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದರದ್ದು, ಎರಡನೆಯದು ಎಂಜಿನ್ ಕಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದರದ್ದು. ದಪ್ಪ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿ ಎಂಬ ನಂಬಿಕೆ ಹೊಸ ಗಾಡಿಗಳಿಗೆ ಹೊಂದುವುದಿಲ್ಲ. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಇರುವ ಆಯಿಲೇ ಬೇಕು, ಹಳೆಯ ಟ್ರ್ಯಾಕ್ಟರಿನ ಡಬ್ಬಿಯಿಂದ ಸುರಿದರೆ ದುಬಾರಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಯಿಲ್ ಬದಲಾಯಿಸುವಾಗ ಆಯಿಲ್ ಫಿಲ್ಟರನ್ನೂ ಬದಲಾಯಿಸಿ. ನೂರಿನ್ನೂರು ರೂಪಾಯಿ ಉಳಿಸಲು ಹೋದರೆ ಹೊಸ ಎಣ್ಣೆ ಹಳೆಯ ಕೊಳೆಯ ಮೂಲಕವೇ ಹಾಯುತ್ತದೆ. ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ಒಡೆಸಿ. ಖಾಲಿಯಾದ ಮೇಲೆ ಅದನ್ನು ತೂತು ಮಾಡಿಯೇ ಬಿಡಿ, ಅದೇ ಡಬ್ಬಿಗೆ ನಕಲಿ ತುಂಬಿ ಮಾರುವವರಿದ್ದಾರೆ.

ಹಳೆಯ ಎಣ್ಣೆ ಎಲ್ಲಿಗೆ?

ಇದನ್ನು ಹೇಳದೆ ಬಿಡುವಂತಿಲ್ಲ. ಮಲಪ್ರಭೆ ಹುಟ್ಟುವುದು ನಮ್ಮ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಕೆಳಗಿನ ಎಷ್ಟೋ ಊರುಗಳಿಗೆ ಅದೇ ನೀರು. ಆ ದಾರಿಯಲ್ಲೇ ಗಟಾರಕ್ಕೆ ಹಳೆಯ ಆಯಿಲ್ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ಲೋಹದ ಸವೆತ ಮಾತ್ರವಲ್ಲ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. ಒಲೆ ಹೊತ್ತಿಸಲು, ದನದ ಗಾಯಕ್ಕೆ ಹಚ್ಚಲು, ಅಂಗಳದ ಧೂಳು ಅಡಗಿಸಲು ಅದನ್ನು ಬಳಸಬೇಡಿ. ಗ್ಯಾರೇಜಿನಲ್ಲಿ ದುಡಿಯುವ ಹುಡುಗರು ಮನೆಗೆ ಬಂದರೆ ಕೈಯನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಅಲ್ಲ, ಸಾಬೂನಿನಲ್ಲಿ ತೊಳೆಯಲು ಹೇಳಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. 2024ರ ಏಪ್ರಿಲ್‌ನಿಂದ ಅದನ್ನು ಮರುಬಳಕೆ ಮಾಡಿಸುವ ಹೊಣೆಯನ್ನು ಆಯಿಲ್ ತಯಾರಿಸುವ ಕಂಪೆನಿಗಳ ಮೇಲೂ ಹೊರಿಸಲಾಗಿದೆ. ನಿಮ್ಮ ಗ್ಯಾರೇಜಿನವರು ಅದನ್ನು ಪೀಪಾಯಿಯಲ್ಲಿ ಕೂಡಿಟ್ಟು ಯಾರಿಗೆ ಕೊಡುತ್ತಾರೆ ಎಂದು ಒಂದು ಮಾತು ಕೇಳಿ. ಗಿರಾಕಿ ಕೇಳುತ್ತಾನೆ ಎಂದು ಗೊತ್ತಾದರೆ ಗಟಾರದ ಕಡೆ ಕೈ ಹೋಗುವುದು ಕಡಿಮೆಯಾಗುತ್ತದೆ.

ಮಾಮುವಿನ ಓಮ್ನಿ ರಿಪೇರಿಗೆ 38 ಸಾವಿರ ರೂಪಾಯಿ ಆಯಿತು. ಕ್ರ್ಯಾಂಕನ್ನು ಉದ್ಯಮಬಾಗಕ್ಕೆ ಒಯ್ದು ಗ್ರೈಂಡಿಂಗ್ ಮಾಡಿಸಬೇಕಾಯಿತು, ಪಿಸ್ಟನ್ ರಿಂಗುಗಳೂ ಹೊಸದಾದವು. ನೀಲಿ ಹೊಗೆ ಕಂಡಾಗಲೇ ರಿಂಗು ನೋಡಿಸಿದ್ದರೆ ಅದರ ಕಾಲು ಭಾಗದಲ್ಲಿ ಮುಗಿಯುತ್ತಿತ್ತು ಎಂದು ಮಿಸ್ತ್ರಿ ಹೇಳಿದ. ಗಾಡಿ ಬಂದದ್ದು ಈದ್ ಕಳೆದ ಮೇಲೆ. ಆ ಸಲದ ರಮಝಾನ್ ವ್ಯಾಪಾರ ಬಾಡಿಗೆ ಟೆಂಪೊಗೇ ಸರಿಹೋಯಿತು, ಮಗಳ ಕಾಲೇಜು ಫೀಸಿಗೆಂದು ಇಟ್ಟ ಹಣವೂ ಹೋಯಿತು. ಅವಳ ಪ್ರವೇಶಕ್ಕೆ ನನ್ನ ಅಮ್ಮಿ ಬಳೆ ಅಡವಿಟ್ಟು ಹಣ ಹೊಂದಿಸಿದರು.

ಈಗ ಅವರ ಅಂಗಡಿಯ ಉದ್ರಿ ವಹಿಯ ಕೊನೆಯ ಪುಟದಲ್ಲಿ ಗಾಡಿಗೂ ಒಂದು ಖಾತೆ ಇದೆ. ತಾರೀಖು, ಮೀಟರಿನ ಅಂಕಿ, ಕಡ್ಡಿಯಲ್ಲಿ ಎಣ್ಣೆ ಎಲ್ಲಿಗಿತ್ತು, ಎಷ್ಟು ಸೇರಿಸಿದ್ದು. ಬರೆಯುವವಳು ಮಗಳು. ಪೇಟೆಗೆ ಹೊರಡುವ ಮುನ್ನ ಸೀಟು ಎತ್ತಿ ಕಡ್ಡಿ ತೋರಿಸದೆ ಅವಳು ಕೀಲಿ ಕೊಡುವುದಿಲ್ಲ.